ಚೀಟಿ ಇದ್ದವರಿಗಷ್ಟೇ ಜ್ವರ

ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿ ಸೀಮೆಗೆ ಬಿಡುವೆಂಬುದೇ ಇಲ್ಲ. ಬೆಳಗಿನ ಹೊತ್ತು ಒಂದೇ ರಸ್ತೆಯಲ್ಲಿ ಸಕ್ಕರೆ ಕಾರ್ಖಾನೆಯ ಪಾಳಿ ಹಿಡಿಯುವವರು, ರಬಕವಿ-ಬನಹಟ್ಟಿಯ ಮಗ್ಗಗಳತ್ತ ಹೊರಟವರು, ಜಮಖಂಡಿಯ ಕಚೇರಿಗಳಿಗೆ ಬಸ್ಸು ಕಾಯುವ ಗುಮಾಸ್ತರು, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಕ್ಕಳುಮರಿ ಸಮೇತ ಕುಳಿತ ಕಬ್ಬು ಕಡಿಯುವ ಗ್ಯಾಂಗು ಎಲ್ಲರೂ ಕಾಣುತ್ತಾರೆ. ಇವರಿಗೆ ಬರುವ ಜ್ವರದಲ್ಲಿ ಭೇದವಿಲ್ಲ. ಜ್ವರ ಬಂದ ಮೇಲೆ ಹುಟ್ಟುವ ಚಿಂತೆಯಲ್ಲಿ ಇದೆ. ‘ಸರ್ಟಿಫಿಕೇಟ್ ಯಾವ ಡಾಕ್ಟರ್ ಕೊಡತಾರ?’ ಎಂಬುದು ಗುಮಾಸ್ತನ ಚಿಂತೆ. ‘ಪಗಾರ ಎಷ್ಟು ಕಟ್ ಆಗತೈತಿ?’ ಎಂಬುದು ಕಾರ್ಖಾನೆಯವನದು. ನೇಕಾರ ಯಾರನ್ನೂ ಏನೂ ಕೇಳುವುದಿಲ್ಲ. ಒಂದು ಮಾತ್ರೆ ನುಂಗಿ ಮಗ್ಗ ಚಾಲೂ ಮಾಡುತ್ತಾನೆ.

ಕಾಯಿಲೆ ರಜೆಗೆ ವೈದ್ಯರ ಪ್ರಮಾಣಪತ್ರ ಬೇಕೆಂಬ ನಿಯಮ ಹುಟ್ಟಿದ್ದು ಸುಳ್ಳನ್ನು ತಡೆಯಲಿಕ್ಕೆ. ಇಂದು ಆ ನಿಯಮವೇ ಸುಳ್ಳಿನ ದೊಡ್ಡ ಕಾರ್ಖಾನೆಯಾಗಿ ಕುಳಿತಿದೆ. ಹೀಗೆ ಹೇಳಿದರೆ ಯಾರೂ ಬೆಚ್ಚಿಬೀಳುವುದಿಲ್ಲ ಎಂಬುದೇ ನಮ್ಮನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದೆ.

ಸರ್ಕಾರಿ ಕಚೇರಿಯ ಲೆಕ್ಕ ನೋಡಿ. ಸಾಂದರ್ಭಿಕ ರಜೆಗೆ ಯಾವ ಚೀಟಿಯೂ ಬೇಡ. 2019ರಲ್ಲಿ ನಾಲ್ಕನೇ ಶನಿವಾರದ ಬಿಡುವು ಕೊಟ್ಟ ಸರ್ಕಾರ ಕಚೇರಿ ನೌಕರರ ಈ ರಜೆಯನ್ನು ವರ್ಷಕ್ಕೆ 15ರಿಂದ 10 ದಿನಕ್ಕೆ ಇಳಿಸಿತು. ಮದುವೆ, ಜಾತ್ರೆ, ಮಕ್ಕಳ ಶಾಲೆ ಎಂದು ಆ ಹತ್ತು ದಿನ ದಸರೆಯೊಳಗೇ ಖರ್ಚಾಗುತ್ತವೆ. ಆಮೇಲೆ ಉಳಿಯುವುದು ವರ್ಷಕ್ಕೆ 20 ದಿನದಂತೆ ಜಮೆಯಾಗುವ ಅರ್ಧ ವೇತನ ರಜೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದರೆ ಅದು ಪೂರ್ಣ ವೇತನದ ಪರಿವರ್ತಿತ ರಜೆಯಾಗುತ್ತದೆ. ಒಂದು ದಿನಕ್ಕೆ ಖಾತೆಯಿಂದ ಎರಡು ದಿನ ಕಳೆಯುತ್ತಾರೆ. ಅಂದರೆ ಚೀಟಿ ಇದ್ದರೆ ಪೂರ್ಣ ಪಗಾರ, ಇಲ್ಲದಿದ್ದರೆ ಅರ್ಧ. ಆ ಚೀಟಿಗೆ ಪೇಟೆ ಹುಟ್ಟದೆ ಇರುತ್ತದೆಯೇ?

ಆ ಪೇಟೆಯ ಒಂದು ವಿಚಿತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನದ ಚೀಟಿಗೂ ಎಂಟು ದಿನದ ಚೀಟಿಗೂ ಅಲೆದಾಟ ಒಂದೇ, ಖರ್ಚೂ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ಒಂದು ದಿನ ಮಲಗಿ ಏಳಬೇಕಾದವನು ‘ಹೆಂಗೂ ಮೆಡಿಕಲ್ ಹಾಕೂದೈತಿ’ ಎಂದು ಒಂದು ವಾರ ಹಾಕುತ್ತಾನೆ. ಮರಳುವಾಗ ಫಿಟ್ನೆಸ್ ಸರ್ಟಿಫಿಕೇಟ್‌ಗಾಗಿ ಮತ್ತೊಂದು ಸುತ್ತು. ನಿಯಮದಿಂದ ಗೈರುಹಾಜರಿ ಕಡಿಮೆಯಾಗುತ್ತದೆ ಎಂದು ನಂಬಿದವರು ತಮ್ಮದೇ ಕಚೇರಿಯ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿ ನೋಡಲಿ. ಚುನಾವಣೆ ಕರ್ತವ್ಯದ ಆದೇಶ ಕೈಗೆ ಬಂದ ವಾರ, ವರ್ಗಾವಣೆ ಪಟ್ಟಿ ಹೊರಬಿದ್ದ ವಾರ ಬೆನ್ನುನೋವು, ರಕ್ತದೊತ್ತಡಗಳು ಹೇಗೆ ಸಾಂಕ್ರಾಮಿಕವಾಗುತ್ತವೆ ಎಂಬುದು ಎಲ್ಲ ಜಿಲ್ಲಾಡಳಿತಗಳಿಗೂ ಗೊತ್ತು. ವಿನಾಯಿತಿ ಕೇಳಿದವರನ್ನು ವೈದ್ಯರ ಮಂಡಳಿಯ ಮುಂದೆ ನಿಲ್ಲಿಸುವ ಪರಿಪಾಠ ಬೆಳೆದದ್ದೇ ಇದರಿಂದ. ಒಬ್ಬ ವೈದ್ಯರ ಸಹಿಯನ್ನು ನಂಬಲಾಗದೆ ಮೂವರು ವೈದ್ಯರನ್ನು ಕೂರಿಸಬೇಕಾಯಿತು.

ವೈದ್ಯರಿಗೆ ನಿಯಮಗಳಿಲ್ಲ ಎಂದಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಾವಳಿ ಇಂದಿಗೂ ಜಾರಿಯಲ್ಲಿದೆ. (2023ರಲ್ಲಿ ಬಂದ ಹೊಸದನ್ನು ಅದೇ ತಿಂಗಳಲ್ಲಿ ತಡೆಹಿಡಿಯಲಾಯಿತು.) ಅದರ ಪ್ರಕಾರ ಪ್ರತಿ ವೈದ್ಯರೂ ತಾವು ಕೊಟ್ಟ ಪ್ರಮಾಣಪತ್ರಗಳ ರಿಜಿಸ್ಟರ್ ಇಡಬೇಕು, ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಮೈಮೇಲಿನ ಒಂದಾದರೂ ಗುರುತು ಬರೆದುಕೊಳ್ಳಬೇಕು, ಪತ್ರದ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಪರೀಕ್ಷಿಸಿ ನೋಡಿದ್ದೇನೆ ಎಂಬ ಮಾತು ನಮೂನೆಯಲ್ಲೇ ಅಚ್ಚಾಗಿದೆ. ಸುಳ್ಳು ಪತ್ರಕ್ಕೆ ಸಹಿ ಹಾಕಿದವರ ಹೆಸರನ್ನು ನೋಂದಣಿಯಿಂದಲೇ ತೆಗೆದುಹಾಕಬಹುದು. ಕಾನೂನಿನ ಪ್ರಕಾರ ಬೇಕಾದ ಪ್ರಮಾಣಪತ್ರವನ್ನು ಸುಳ್ಳೆಂದು ತಿಳಿದೂ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 234ನೇ ಕಲಮಿನಡಿ ಸುಳ್ಳು ಸಾಕ್ಷ್ಯಕ್ಕೆ ಸಮನಾದ ಅಪರಾಧ. ಇಷ್ಟೆಲ್ಲ ಇದ್ದೂ ಹಿಂದಿನ ತಾರೀಖು ಹಾಕಿ, ಮುಖ ನೋಡದೆ, ಪರಿಚಯದವರು ಫೋನ್ ಮಾಡಿದರೆಂದು ಬರೆದುಕೊಡುವ ಚೀಟಿಗಳು ನಿಂತಿಲ್ಲ. ನಿಮ್ಮ ಊರಿನ ದವಾಖಾನೆಯಲ್ಲಿ ಅಂಥ ರಿಜಿಸ್ಟರನ್ನು ಯಾರಾದರೂ ಬಂದು ತಪಾಸಿಸಿದ್ದನ್ನು ನೋಡಿದ್ದೀರಾ?

ಪ್ರಾಮಾಣಿಕ ವೈದ್ಯರ ಪಾಡು ಇನ್ನೂ ಕಷ್ಟದ್ದು. ವೈರಲ್ ಜ್ವರದವನಿಗೆ ಬೇಕಾದದ್ದು ನೀರು, ನಿದ್ದೆ, ಒಂದೆರಡು ಪ್ಯಾರಾಸಿಟಮಾಲ್. ಅದು ಅವನಿಗೂ ಗೊತ್ತು, ವೈದ್ಯರಿಗೂ ಗೊತ್ತು. ಆದರೂ ಅವನು ಮೈ ಸುಡುತ್ತಿರುವಾಗಲೇ ಬೈಕಿನ ಹಿಂದೆ ಕುಳಿತು ಬಂದು, ಗರ್ಭಿಣಿಯರೂ ಮುದುಕರೂ ಕೆಮ್ಮುವ ಮಕ್ಕಳೂ ಕೂತ ಸಾಲಿನಲ್ಲಿ ಒಂದು ತಾಸು ಕೂರಬೇಕು. ಔಷಧಕ್ಕಲ್ಲ, ಕಾಗದಕ್ಕೆ. ಬಂದ ಮೇಲೆ ಬರಿಗೈಲಿ ಹೋಗುವುದೇಕೆಂದು ಒಂದು ಇಂಜೆಕ್ಷನ್, ಒಂದು ಸಲಾಯಿನ್. ‘ನನಗೆ ತಲೆನೋವಿದೆ’ ಎಂಬುದಕ್ಕೆ ರೋಗಿಯ ಮಾತು ಬಿಟ್ಟು ವೈದ್ಯರ ಬಳಿಯಾದರೂ ಬೇರೆ ಯಾವ ಸಾಕ್ಷಿ ಇದೆ? ಅವರು ಬರೆಯುವುದು ರೋಗಿ ಹೇಳಿದ್ದನ್ನೇ. ಮೇಲಧಿಕಾರಿ ತಾನು ನಂಬದ ನೌಕರನ ಮಾತನ್ನು ಮೊಹರು ಬಿದ್ದ ಕಾಗದದ ಮೇಲೆ ಓದಿ ನಂಬಿದಂತೆ ಮಾಡುತ್ತಾನೆ.

ಇದನ್ನು ಸಣ್ಣ ನಾಟಕವೆಂದು ನಕ್ಕು ಬಿಡಬಹುದಿತ್ತು. ಆದರೆ ರಜೆಯ ಚೀಟಿಗೆ ಸಹಿ ಹಾಕುವ ಪೆನ್ನೇ ಗಾಯದ ಪ್ರಮಾಣಪತ್ರಕ್ಕೂ ಸಹಿ ಹಾಕುತ್ತದೆ. ಹೊಲದ ಬದುವಿನ ಜಗಳದಲ್ಲಿ ತಲೆ ಒಡೆದವನ ಕೇಸು ನಿಲ್ಲುವುದೋ ಬೀಳುವುದೋ ಎಂಬುದು ಆ ‘ವುಂಡ್ ಸರ್ಟಿಫಿಕೇಟ್’ ಮೇಲೆ. ಟ್ರೇಲರ್ ಬಡಿದು ಕಾಲು ಕಳೆದುಕೊಂಡವನ ಪರಿಹಾರ, ಅಂಗವಿಕಲರ ಮಾಸಾಶನ, ವಿಮೆಯ ಹಣ, ಸಾವಿನ ಕಾರಣ ಎಲ್ಲವೂ ನಿಂತಿರುವುದು ವೈದ್ಯರ ಕೈಬರಹದ ಮೇಲಿನ ನಂಬಿಕೆಯಲ್ಲಿ. ದಿನಕ್ಕೆ ಹತ್ತು ಸಲ ಅರ್ಧಸತ್ಯಕ್ಕೆ ಸಹಿ ಹಾಕಿ ರೂಢಿಯಾದ ಕೈಗೆ ಹನ್ನೊಂದನೆಯದು ಅಷ್ಟು ಭಾರವೆನಿಸುವುದಿಲ್ಲ. ನಾವು ಅಪಾಯದ ಗಂಟೆ ಬಾರಿಸುತ್ತಿರುವುದು ಇದಕ್ಕಾಗಿ.

ಇನ್ನು ಕಾರ್ಖಾನೆಯ ಕಡೆ ಬನ್ನಿ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆ. ಕಾರ್ಮಿಕನ ಸಂಬಳದಿಂದ ಶೇ 0.75, ಮಾಲೀಕನಿಂದ ಶೇ 3.25. ಆರು ತಿಂಗಳಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70ರಷ್ಟು ಸಿಗುತ್ತದೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ಮೂರು ದಿನದ ಜ್ವರಕ್ಕೆ ಸಿಗುವುದು ಒಂದು ದಿನದ ಹಣ. ಇಷ್ಟಾದರೂ ಇದೆಯಲ್ಲ ಎಂದರೆ, ಕಾನೂನು ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿದೆ. 1948ರ ಇಎಸ್‌ಐ ಕಾಯ್ದೆ ಹಂಗಾಮಿ ಎಂದು ಹೆಸರಿಸಿದ ಉದ್ಯಮಗಳ ಸಾಲಿನಲ್ಲಿ ಸಕ್ಕರೆ ಇದೆ, ಬೆಲ್ಲವೂ ಇದೆ. ಡಿಸ್ಟಿಲರಿ, ವಿದ್ಯುತ್ ಘಟಕ ಇಟ್ಟುಕೊಂಡವುಗಳ ಲೆಕ್ಕ ಬೇರೆಯಾಗಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂತೆಂದು ಕೇಂದ್ರ ಸಾರಿದ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಹಂಗಾಮಿ ವಿನಾಯಿತಿಯನ್ನು ಹಾಗೇ ಉಳಿಸಿಕೊಂಡಿದೆ. ಜಮಖಂಡಿ, ಮುಧೋಳ, ಬೀಳಗಿಯ ಬದುಕೇ ಕಬ್ಬಿನ ಮೇಲೆ ನಿಂತಿರುವಾಗ, ಮಹಾಲಿಂಗಪುರದ ಬೆಲ್ಲದ ಪೇಟೆ ನಾಡಿಗೆಲ್ಲ ಹೆಸರಾಗಿರುವಾಗ, ಈ ಒಂದು ಸಾಲು ಇಲ್ಲಿ ಎಷ್ಟು ಜನರ ಕಾಯಿಲೆಯನ್ನು ಲೆಕ್ಕದಿಂದ ಹೊರಗಿಟ್ಟಿದೆಯೋ!

ಮಗ್ಗದವರ ಪಾಡಿಗೆ ಕಾನೂನಿನ ಹೆಸರೂ ಇಲ್ಲ. ರಬಕವಿ-ಬನಹಟ್ಟಿಯಲ್ಲಿ ಮನೆಯಲ್ಲೇ ಎರಡು-ನಾಲ್ಕು ಪವರ್‌ಲೂಮ್ ಇಟ್ಟು ನಡೆಸುವವರು ಬಹಳ. ಹತ್ತರ ಗಡಿ ಅಲ್ಲಿಗೆ ತಾಕುವುದೇ ಇಲ್ಲ. ಕೂಲಿ ಸೀರೆಯ ಲೆಕ್ಕಕ್ಕೆ; ನೇಯ್ದರೆ ಉಂಟು, ಮಲಗಿದರೆ ಇಲ್ಲ. ಇಂಥವನಿಗೆ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ, ಏಕೆಂದರೆ ಕೊಡಬೇಕಾದ್ದು ಏನೂ ಇಲ್ಲ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಆರೋಗ್ಯ ಇಲಾಖೆ ಗೋಡೆ ಗೋಡೆಗೆ ಬರೆಸಿದೆ. ಪರೀಕ್ಷೆಗೆ ಹೋದ ದಿನದ ಕೂಲಿ ಯಾರು ಕೊಡುತ್ತಾರೆಂದು ಯಾವ ಗೋಡೆಯೂ ಹೇಳುವುದಿಲ್ಲ. ಹತ್ತಿಯ ಧೂಳು ತುಂಬಿದ, ಕಿಟಕಿ ಮುಚ್ಚಿದ ಖೋಲಿಯಲ್ಲಿ ಅವನು ಕೆಮ್ಮುತ್ತಲೇ ಮಗ್ಗ ನಡೆಸುತ್ತಾನೆ, ಪಕ್ಕದ ಮಗ್ಗದವನು ಅದನ್ನು ಉಸಿರಾಡುತ್ತಾನೆ.

ಕಬ್ಬು ಕಡಿಯುವವರದು ಇದಕ್ಕೂ ಕೆಳಗಿನ ಮೆಟ್ಟಿಲು. ಗಂಡ-ಹೆಂಡತಿ ಜೋಡಿಯಾಗಿ ಮುಂಗಡ ಪಡೆದು ಬಂದವರು. ಒಂದು ದಿನ ತಪ್ಪಿದರೆ ಕೂಲಿ ಹೋಗುವುದಷ್ಟೇ ಅಲ್ಲ, ಮೇಸ್ತ್ರಿ ದಂಡವನ್ನೂ ಹಾಕುತ್ತಾನೆ. ಇಲ್ಲಿನ ಹೊಲಗಳಿಗೂ ಗ್ಯಾಂಗು ಬರುವ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರಿ ಸಮಿತಿಯೊಂದು ಕಬ್ಬು ಕಡಿಯುವ 82,309 ಮಹಿಳೆಯರನ್ನು ವಿಚಾರಿಸಿತು. 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ತಿಂಗಳಿಗೆ ಒಂದೆರಡು ದಿನ ಕೂರಲಾಗದ ಕೆಲಸ ಹೆಣ್ಣಿನ ದೇಹವನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರ 2025ರ ನವೆಂಬರ್‌ನಲ್ಲಿ ಹೊರಡಿಸಿದ ಮುಟ್ಟಿನ ರಜೆಯ ಆದೇಶ ಮುಖ್ಯವಾದದ್ದು. 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನ ವೇತನ ಸಹಿತ ರಜೆ. ವೈದ್ಯರ ಪ್ರಮಾಣಪತ್ರ ಬೇಕಿಲ್ಲ. ಹೋಟೆಲ್ ಮಾಲೀಕರು ಹೈಕೋರ್ಟಿಗೆ ಹೋದರು, ಡಿಸೆಂಬರ್‌ನಲ್ಲಿ ತಡೆಯಾಜ್ಞೆ ಬಂದು ಅದೇ ದಿನ ಹಿಂದಕ್ಕೂ ಹೋಯಿತು. ಅದರ ಪರ-ವಿರೋಧ ಇಲ್ಲಿ ಬೇಡ. ನೌಕರಳ ಮಾತೇ ಸಾಕು ಎಂದು ಸರ್ಕಾರ ಒಂದು ದಿನಕ್ಕೆ ಒಪ್ಪಿದೆಯಲ್ಲ, ಜ್ವರಕ್ಕೆ, ವಾಂತಿಭೇದಿಗೆ, ಅರೆತಲೆನೋವಿಗೆ ಮೂರು ದಿನದವರೆಗೆ ಯಾಕೆ ಒಪ್ಪಬಾರದು? ಬ್ರಿಟನ್‌ನಲ್ಲಿ ಮೊದಲ ಏಳು ದಿನಕ್ಕೆ ನೌಕರನ ಸ್ವಂತ ಹೇಳಿಕೆ ಸಾಕೆಂಬ ಪದ್ಧತಿ 1982ರಿಂದ ಇದೆ. ಕೆನಡಾದ ಒಂಟಾರಿಯೊ ಪ್ರಾಂತ್ಯ 2024ರ ಅಕ್ಟೋಬರ್‌ನಿಂದ ಕಾನೂನಿನ ಮೂರು ದಿನದ ಕಾಯಿಲೆ ರಜೆಗೆ ವೈದ್ಯರ ಚೀಟಿ ಕೇಳುವುದನ್ನೇ ನಿಷೇಧಿಸಿದೆ.

ದುರುಪಯೋಗವಾಗುತ್ತದೆ ಎನ್ನುವವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಏಕೋಪಾಧ್ಯಾಯ ಶಾಲೆಯಲ್ಲಿ ಮೇಷ್ಟ್ರು ಬರದಿದ್ದರೆ ಅಂದು ಶಾಲೆಯೇ ಇಲ್ಲ. ಮಕ್ಕಳಿಗೆ ಆಗುವ ನಷ್ಟಕ್ಕೆ ಯಾವ ರಜೆ ನಿಯಮದಲ್ಲೂ ಪರಿಹಾರವಿಲ್ಲ. ಆದರೆ ಅಂಥ ಗೈರು ಇಂದು ನಡೆಯುತ್ತಿರುವುದು ಚೀಟಿ ಇದ್ದೂ, ಬಹಳ ಸಲ ಚೀಟಿಯ ಬಲದಿಂದಲೇ. ಪ್ರತಿ ಸೋಮವಾರ ಹುಷಾರಿಲ್ಲದ ನೌಕರನನ್ನು ಗುರುತಿಸಲು ವೈದ್ಯರು ಬೇಕಿಲ್ಲ, ಹಾಜರಿ ಪುಸ್ತಕ ಓದಬಲ್ಲ ಮೇಲಧಿಕಾರಿ ಸಾಕು. ಅನುಮಾನ ಬಂದಲ್ಲಿ ಎರಡನೇ ವೈದ್ಯರಿಗೆ ಕಳುಹಿಸುವ ಅಧಿಕಾರ ಅವರಿಗೆ ಈಗಲೂ ಇದೆ. ಅದನ್ನು ಬಳಸಿದರೆ ಮನಸ್ತಾಪ, ಚೀಟಿ ಫೈಲಿಗೆ ಹಾಕಿದರೆ ನಿರಾಳ, ಹಾಗಾಗಿ ಬಳಸುವುದಿಲ್ಲ.

ಮೂರು ದಿನದವರೆಗೆ ಸ್ವಂತ ಹೇಳಿಕೆ ಸಾಕೆಂದು ಮಾಡಿ, ಅದಕ್ಕೂ ಮೀರಿದ ಪ್ರತಿ ಪ್ರಮಾಣಪತ್ರವನ್ನು 2002ರ ನಿಯಮ ಹೇಳಿದಂತೆ ರಿಜಿಸ್ಟರಿನಲ್ಲಿ ಹುಡುಕಿ ತಾಳೆ ನೋಡಬೇಕು. ಕೇಳುವ ಚೀಟಿಗಳು ಕಡಿಮೆಯಾದಾಗ ಮಾತ್ರ ಕೊಟ್ಟವುಗಳ ತಪಾಸಣೆ ಸಾಧ್ಯ. ಅಂಗಡಿ, ಹೋಟೆಲು ಕೆಲಸಗಾರರಿಗೆ ಕಾಯಿಲೆಯಂಥ ಕಾರಣಕ್ಕೆ ವರ್ಷಕ್ಕೆ 12 ದಿನದ ಸಂಬಳದ ರಜೆ 1961ರ ರಾಜ್ಯ ಕಾಯ್ದೆಯಲ್ಲೇ ಇದೆ. ಜಮಖಂಡಿಯ ಬಟ್ಟೆ ಅಂಗಡಿಯ ಹುಡುಗನಿಗೆ ಅದು ಗೊತ್ತಾಗುವಂತೆ ಕಾರ್ಮಿಕ ಇಲಾಖೆ ಅಂಗಡಿಯ ಗೋಡೆಗೇ ಫಲಕ ಹಾಕಿಸಲಿ. ಹತ್ತಕ್ಕಿಂತ ಕಡಿಮೆ ಜನರಿರುವ ಘಟಕಗಳೂ ಒಪ್ಪಿ ಇಎಸ್‌ಐ ಸೇರಲು ಹೊಸ ಸಂಹಿತೆಯಲ್ಲಿ ದಾರಿ ಇದೆ. ಮಗ್ಗದ ಮಾಲೀಕರ ಪಾಲಿನ ವಂತಿಗೆಯನ್ನು ಮೊದಲ ಕೆಲವು ವರ್ಷ ಜವಳಿ ಇಲಾಖೆ ಹೊತ್ತರೆ ಆ ದಾರಿ ಬನಹಟ್ಟಿಯ ಓಣಿಗೂ ಬಂದೀತು. ಸಕ್ಕರೆಯನ್ನು ಹಂಗಾಮಿ ಪಟ್ಟಿಯಿಂದ ತೆಗೆಯಿರೆಂದು ದೆಹಲಿಗೆ ಹೇಳಬೇಕಾದವರು ಬಾಗಲಕೋಟೆಯ ಸಂಸದರು ಮತ್ತು ಈ ತಾಲ್ಲೂಕುಗಳ ಶಾಸಕರು. ಕಬ್ಬಿನ ದರದ ಸಭೆಗಳಿಗೆ ಅವರೆಲ್ಲ ತಪ್ಪದೆ ಬರುತ್ತಾರೆ. ಕಡಿಯುವವರ, ನುರಿಸುವವರ ಕಾಯಿಲೆಯ ವಿಷಯವನ್ನೂ ಅದೇ ಸಭೆಯ ಕಾರ್ಯಸೂಚಿಗೆ ಸೇರಿಸಲಿ, ಬಾಯ್ಲರ್ ಪೂಜೆಗೆ ಮುಂಚೆ.