ಆ ಅರಮನೆಯನ್ನು ನಮ್ಮ ತಲೆಗೆ ಕಟ್ಟಬೇಡಿ

ಕಲಾಸಿಪಾಳ್ಯದಲ್ಲಿ ಖಾಸಗಿ ಬಸ್ಸಿನಿಂದ ಇಳಿದು ಚಾಮರಾಜಪೇಟೆ ಕಡೆ ಹೋಗಬೇಕಾದವರು ಆಟೋದವನಿಗೆ 'ಆಲೂರು ವೆಂಕಟರಾವ್ ರಸ್ತೆ' ಎಂದು ಹೇಳಿ ನೋಡಿ. ಒಂದು ಗಳಿಗೆ ನಿಮ್ಮ ಮುಖವನ್ನೇ ನೋಡುತ್ತಾನೆ. 'ಎ.ವಿ. ರೋಡ್' ಎಂದರೆ ಮೀಟರ್ ಹಾಕುತ್ತಾನೆ. ಹಾಕದೆಯೂ ಇರಬಹುದು, ಅದು ಬೇರೆ ಮಾತು. ಮೊದಲು ಇದು ಆಲ್ಬರ್ಟ್ ವಿಕ್ಟರ್ ರಸ್ತೆ. ಆತ ವಿಕ್ಟೋರಿಯಾ ರಾಣಿಯ ಮೊಮ್ಮಗ, 1892ರಲ್ಲಿ ಇಪ್ಪತ್ತೆಂಟಕ್ಕೇ ತೀರಿಕೊಂಡವನು. ಅವನ ಹೆಸರು ಅಳಿಸಿ 'ಕರ್ನಾಟಕ ಗತವೈಭವ' ಬರೆದ ಆಲೂರರ ಹೆಸರಿಟ್ಟೆವು. ಒಳ್ಳೆಯದೇ ಆಯಿತು. ಆದರೆ ಇಂಗ್ಲಿಷಿನಲ್ಲಿ ಇಬ್ಬರ ಮೊದಲಕ್ಷರಗಳೂ ಒಂದೇ ಆಗಿಬಿಟ್ಟದ್ದರಿಂದ ರಾಜಕುಮಾರನೂ ಪೂರ್ತಿ ಹೋಗಲಿಲ್ಲ, ಕುಲಪುರೋಹಿತರೂ ಪೂರ್ತಿ ಬರಲಿಲ್ಲ.

ಹೆಸರಿನ ಈ ಕತೆಗೆ ನಗಬಹುದು. ಇದೇ ರಸ್ತೆಯಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆಯ ವಿಷಯದಲ್ಲಿ ನನಗೆ ನಗು ಬರುವುದಿಲ್ಲ.

ನನ್ನ ಜೊತೆ ಕೆಲಸ ಮಾಡುವ ಒಬ್ಬ ಸಜ್ಜನರು ಒಂದು ಸೋಮವಾರ ಬಂದವರೇ, 'ನಿನ್ನೆ ಮಕ್ಕಳನ್ನು ಕರೆದುಕೊಂಡು ನಿಮ್ಮ ಅರಮನೆ ನೋಡಿ ಬಂದೆವು ಸಾರ್' ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾದ ಪ್ರೀತಿಯೇ ಇತ್ತು. ನನ್ನ ದಾದಾ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಕೂಲಿ. ಕುದಿವ ನೀರಲ್ಲಿ ಅವರ ಬೆರಳುಗಳು ಬೆಂದು ಬಿಳಿಚಿದ್ದವು. ಮೈಸೂರು ಸೀಮೆಗೆ ರೇಷ್ಮೆ ತಂದವನು ಟಿಪ್ಪು ಎನ್ನುವುದನ್ನು ಬಿಟ್ಟರೆ ಆ ಸುಲ್ತಾನನಿಗೂ ನಮ್ಮ ಮನೆಗೂ ಬೇರೆ ನಂಟಿಲ್ಲ. ಹೀಗಿರುವಾಗ ಸ್ವಂತ ಸೂರಿಲ್ಲದೆ ಸತ್ತ ಆ ಮನುಷ್ಯನ ಮೊಮ್ಮಗನಿಗೆ ಒಂದು ಸೋಮವಾರ ಬೆಳಗ್ಗೆ ತೇಗದ ಕಂಬಗಳ ಅರಮನೆಯೇ ಬಂದುಬಿಟ್ಟಿತು!

ಅದೇ ಸಜ್ಜನರು ವಾಣಿವಿಲಾಸ ಆಸ್ಪತ್ರೆಯನ್ನು ಯಾರಿಗಾದರೂ 'ನಿಮ್ಮ ಆಸ್ಪತ್ರೆ' ಎನ್ನುತ್ತಾರೆಯೇ? ಅರಮನೆಯಿಂದ ನಡೆದೇ ಹೋಗುವಷ್ಟು ದೂರದಲ್ಲಿರುವ ಆ ಆಸ್ಪತ್ರೆಗೆ ಮೈಸೂರಿನ ಮಹಾರಾಣಿಯ ಹೆಸರಿದೆ. 1935ರಿಂದ ಅಲ್ಲಿ ಎಲ್ಲ ಜಾತಿಯ ಹೆಂಗಸರೂ ಹೆತ್ತಿದ್ದಾರೆ, ಅಮ್ಮೀ ನನ್ನನ್ನು ಹೆತ್ತದ್ದೂ ಅಲ್ಲಿಯೇ. ಪಕ್ಕದ ವಿಕ್ಟೋರಿಯಾ ಆಸ್ಪತ್ರೆಗೆ ನಮ್ಮನ್ನು ಆಳಿದವಳ ಹೆಸರು. ಅದನ್ನೂ ಯಾರೂ ಕ್ರೈಸ್ತರ ಆಸ್ಪತ್ರೆ ಎನ್ನುವುದಿಲ್ಲ. 1921ರ ಕೃಷ್ಣರಾಜೇಂದ್ರ ಮಾರುಕಟ್ಟೆ ರಾಜರ ಹೆಸರಿನದು, ಒಳಗೆ ಹೂ ಮಾರುವವರು ಒಬ್ಬರು, ಸೊಪ್ಪು ಮಾರುವವರು ಇನ್ನೊಬ್ಬರು. ಅರಮನೆಗೆ ಅಂಟಿಕೊಂಡಂತೆ ಇರುವ ಕೋಟೆ ವೆಂಕಟರಮಣ ದೇವಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದ್ದು. ಅದರ ಮುಂದಿನ ಕಂಬ ಇಂಗ್ಲಿಷರ ಗುಂಡನ್ನು ತಾನು ತಿಂದು ಟಿಪ್ಪುವನ್ನು ಉಳಿಸಿತೆಂದು ಸುತ್ತಲಿನವರು ಹೇಳುತ್ತಾರೆ. ಇದು ಚರಿತ್ರೆಯೇ ಎಂದು ಕೇಳಬೇಡಿ, ನಾನು ಕತೆ ಬರೆಯುವವನು. ಇಂಥ ಕತೆ ಕಟ್ಟಿಕೊಂಡ ಜನ ದೇವಸ್ಥಾನವನ್ನೂ ಅರಮನೆಯನ್ನೂ ಎರಡು ಊರಿನವೆಂದು ತಿಳಿದಿರಲಿಲ್ಲ, ನನಗೆ ಅಷ್ಟು ಸಾಕು. ಈ ಸುತ್ತಿನಲ್ಲಿ ಎಲ್ಲವೂ ಎಲ್ಲರದು, ಒಂದು ಕಟ್ಟಡ ಮಾತ್ರ 'ನಿಮ್ಮದು' ಆದದ್ದು ಹೇಗೆ?

ನಾನು ಉರ್ದು ಶಾಲೆಯಲ್ಲೂ ಓದಿದೆ, ಕನ್ನಡ ಶಾಲೆಯಲ್ಲೂ ಓದಿದೆ. ಉರ್ದು ಶಾಲೆಯ ಉಸ್ತಾದರು ಸುಲ್ತಾನನ ಶಹಾದತ್ ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕನ್ನಡ ಶಾಲೆಯ ಮೇಷ್ಟ್ರು ಎರಡು ಅಂಕದ ಉತ್ತರ ಬರೆಸುತ್ತಿದ್ದರು: 1781ರಲ್ಲಿ ಹೈದರಾಲಿ ಶುರು ಮಾಡಿದ, 1791ರಲ್ಲಿ ಟಿಪ್ಪು ಮುಗಿಸಿದ. ಅದೇ 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. 1799ರಲ್ಲಿ ಟಿಪ್ಪು ಸತ್ತ. ಅಂದರೆ ಕಟ್ಟಿ ಮುಗಿದ ಮೇಲೆ ಈ ಅರಮನೆಗೂ ಅವನಿಗೂ ಇದ್ದ ಸಂಬಂಧ ಎಂಟೇ ವರ್ಷದ್ದು. ಆಮೇಲೆ ಏನಾಯಿತೆಂದು ಉಸ್ತಾದರೂ ಹೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಅದೇ.

1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡ ಇಂಗ್ಲಿಷರು ಮೈಸೂರು ಸೀಮೆಯನ್ನು ಬೆಂಗಳೂರಿನಿಂದ ಆಳತೊಡಗಿದರು. ಅವರ ಸೆಕ್ರೆಟರಿಯೇಟ್ ಇದ್ದದ್ದು ಈ ಅರಮನೆಯಲ್ಲಿ. ಕಂದಾಯದ ಲೆಕ್ಕ, ರೈತನ ಅರ್ಜಿ, ಕೆರೆ ರಿಪೇರಿಯ ಹುಕುಂ, ಇವೆಲ್ಲ ಓಡಾಡಿದ್ದು ಇದೇ ತೇಗದ ಕಂಬಗಳ ನಡುವೆ. ಜಾಗ ಸಾಲದೆ 1868ರಲ್ಲಿ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಗಂಟುಮೂಟೆ ಕಟ್ಟಿದರು. ಇಲಾಖೆಗಳು ಹದಿನೆಂಟು ಇದ್ದವಾದ್ದರಿಂದ ಅದಕ್ಕೆ ಅಠಾರಾ ಕಚೇರಿ ಎಂದು ಹೆಸರಾಯಿತು. ಅಠಾರಾ ಎಂಬುದು ನಮ್ಮ ಮನೆಮಾತಿನ ಹದಿನೆಂಟು. ಆದರೂ ಆ ಕಟ್ಟಡವನ್ನು ಯಾರೂ ನಮ್ಮ ತಲೆಗೆ ಕಟ್ಟಲಿಲ್ಲ, ಪುಣ್ಯ! ಇಂದು ಅಲ್ಲಿ ಹೈಕೋರ್ಟಿದೆ. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಗರದ ಜನ ಕೂಗೆಬ್ಬಿಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಕಟ್ಟಡ ಉಳಿಯಿತು. ಅವರು ಯಾವ ಜಾತಿಯವರೆಂದು ಯಾರೂ ಕೇಳಲಿಲ್ಲ.

ಅದೇ ಹದಿನೆಂಟು ಇಲಾಖೆಗಳು ಮೊದಲು ಸಂಸಾರ ಹೂಡಿದ್ದ ಮನೆ ಮಾತ್ರ ಒಂದು ಕೋಮಿನ ಪಿತ್ರಾರ್ಜಿತ ಆಸ್ತಿ. ಇದಕ್ಕೆ ಟಿಪ್ಪುವನ್ನು ಬೈಯುವವರು ಕಾರಣ ಎಂದು ಬರೆದು ಕೈತೊಳೆದುಕೊಂಡರೆ ಈ ಪತ್ರಿಕೆಯ ಓದುಗರಿಗೆ ಹಿತವಾದೀತು. ಆದರೆ ನಾವೇನು ಕಡಿಮೆ? 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಮಾಡಿದಾಗ ಕುಣಿದೆವು, ನಿಲ್ಲಿಸಿದಾಗ ಅತ್ತೆವು. ಆ ನಾಲ್ಕು ವರ್ಷಗಳಲ್ಲಿ ಬ್ಯಾನರಿಗೆ, ಶಾಲಿಗೆ, ಮೈಕಿಗೆ ಖರ್ಚು ಮಾಡಿದ ನಮ್ಮ ಮುಖಂಡರಲ್ಲಿ ಎಷ್ಟು ಮಂದಿ ಟಿಕೆಟ್ ಕೊಂಡು ಒಳಗೆ ಹೋಗಿ ಗೋಡೆಯ ಮಾಸಿದ ಬಣ್ಣವನ್ನು ನೋಡಿದ್ದಾರೆ? 'ನಮ್ಮ ಸುಲ್ತಾನ್' ಎಂದು ಕೂಗಿದಷ್ಟೂ ಉಳಿದವರು 'ಹಾಗಾದರೆ ನಮಗೇನು' ಎಂದು ದೂರ ಸರಿಯುತ್ತಾರೆ. ಬೇಲಿಯ ಒಂದು ಕಡೆ ಅವರು ಗೂಟ ಹೊಡೆದರೆ ಇನ್ನೊಂದು ಕಡೆ ತಂತಿ ಬಿಗಿದವರು ನಾವೇ.

ಮನಸ್ಸಿದ್ದರೆ ಏನೆಲ್ಲ ಆಗುತ್ತದೆ ಎನ್ನುವುದಕ್ಕೆ ಶ್ರೀರಂಗಪಟ್ಟಣಕ್ಕೆ ಹೋಗಿ ನೋಡಿ. ಜೋಡಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ರೈಲೂ ಹೋಯಿತು, ಮದ್ದಿನ ಮನೆಯೂ ಉಳಿಯಿತು. ಬೆಂಗಳೂರಿನ ಕೋಟೆಗೆ ಆ ಭಾಗ್ಯ ಇರಲಿಲ್ಲ. ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಎಂದು ತುಂಡು ತುಂಡಾಗಿ ಒಡೆದು, ಈಗ ಮಾರುಕಟ್ಟೆಯ ಗದ್ದಲದಲ್ಲಿ ಒಂದು ಬಾಗಿಲಿನ ಭಾಗ ಮಾತ್ರ ಉಳಿದಿದೆ. ಒಳಗೆ ಗಣಪತಿಯ ಗುಡಿ, ಗೋಡೆಯ ಮೇಲೆ ತಾವು ಎಲ್ಲಿಂದ ನುಗ್ಗಿದೆವೆಂದು ಇಂಗ್ಲಿಷರು ನೆಟ್ಟ ಕಲ್ಲು. ಗೆದ್ದವನು ಬರೆದಿಟ್ಟು ಹೋದ, ಮನೆಯವರಾದ ನಾವು ಬರೆಯಲಿಲ್ಲ.

ಹೋದ ರಜೆಯಲ್ಲಿ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ಇಂಗ್ಲಿಷ್ ಶಾಲೆಯ ಏಳನೇ ಕ್ಲಾಸಿನ ಹುಡುಗ. ಟಿಪ್ಪುವಿನ ಹುಲಿಯ ಪ್ರತಿಕೃತಿಯ ಮುಂದೆ ಅವನನ್ನು ನಿಲ್ಲಿಸಿ, ಅಸಲಿ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ ಎಂದೆ. ಅಜ್ಜಿ ತಾತನ ಹೆಸರಿನ ಮನೆಯಲ್ಲಿ ಹುಲಿ, ಮೊಮ್ಮಗನ ಹೆಸರಿನ ರಸ್ತೆಯಲ್ಲಿ ಅದರ ನಕಲು! ಆಮೇಲೆ ಮರದ ಮೇಲೆ ಕೆತ್ತಿದ ಫಾರ್ಸಿ ಅಕ್ಷರ ತೋರಿಸಿ, 'ಓದು' ಎಂದೆ. 'ನಂಗೆ ಉರ್ದು ಓದಕ್ಕೆ ಬರಲ್ಲ ಮಾಮೂ' ಎಂದ. ರಶ್ಕೆ ಜನ್ನತ್ ಎಂದು ನಾನೇ ಓದಿದೆ. ಸ್ವರ್ಗಕ್ಕೇ ಹೊಟ್ಟೆಕಿಚ್ಚು ಬರುವಂಥದ್ದು ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದೆ. ನಮ್ಮ ಹಿಂದೆ ನಿಂತಿದ್ದ ಹಳ್ಳಿಯ ಹೆಂಗಸೊಬ್ಬರು, 'ಇನ್ನೊಂದಪ ಯೋಳಪ್ಪಾ' ಎಂದರು. ಅವರ ಜೊತೆ ಬಂದವರೂ ಹತ್ತಿರ ಸರಿದರು. ನಾನು ಹೇಳುತ್ತಾ ಹೋದೆ. ಸುಲ್ತಾನನದನ್ನು ಹೇಳಿದೆ, ಸಾಹೇಬರ ಹದಿನೆಂಟು ಕಚೇರಿಗಳನ್ನೂ ಹೇಳಿದೆ. 'ಅಂಗಾರೆ ನಮ್ಮ ತಾತ ಮುತ್ತಾತನ ಕಾಲದ ಪತ್ರಗಳೆಲ್ಲ ಇಲ್ಲಿಗೇ ಬತ್ತಿದ್ವಾ?' ಎಂದು ಆ ತಾಯಿ ಕಂಬದ ಮೇಲೆ ಕೈಯಿಟ್ಟು ನೋಡಿದರು.

ಹುಡುಗನಿಗೆ ಬೇರೆಯೇ ಚಿಂತೆ. 'ಹದಿನೆಂಟು ಆಫೀಸು ಇಷ್ಟರಲ್ಲೇ ಹೆಂಗೆ ಹಿಡಿಸ್ತಿತ್ತು ಮಾಮೂ?' ಎಂದು ಮೇಲಿನ ಅಂತಸ್ತಿನಲ್ಲಿ ಕೋಣೆ ಎಣಿಸತೊಡಗಿದ. ಮೂಲೆಗೊಂದರಂತೆ ನಾಲ್ಕು ಸಿಕ್ಕವು. ಐದನೆಯದನ್ನು ಹುಡುಕುತ್ತಿರುವಾಗ ಕಾವಲುಗಾರ ಸೀಟಿ ಊದಿದ.