ಗೀರು ಬೀಳದ ಮೇಜು ಯಾರಿಗೆ ಬೇಕು?

‘ಹಳೆಯ ಮೇಜನ್ನು ಹೊಸದು ಮಾಡಿ’ ಎನ್ನುವ ವಿಡಿಯೊಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಗೀರಿಗಾಗಿ ಇಡೀ ಮೇಲ್ಮೈಯನ್ನು ಮಷೀನಿನಿಂದ ಉಜ್ಜಿ ತೆಗೆದು ಪಾಲಿಯುರೆಥೇನ್ ಬಳಿಯುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ತಾತ ಲೆಕ್ಕ ಬರೆಯುತ್ತಿದ್ದ ಬೀಟೆ ಮರದ ಮೇಜಿಗೂ ಇದೇ ಗತಿಯಾಯಿತು. ಎರಡು ಗೀರು ತೆಗೆಸಲು ಕೊಟ್ಟೆವು. ವಾಪಸು ಬಂದದ್ದು ಅಂಚು ಸವೆದು ಗಾಜಿನಂತೆ ಹೊಳೆಯುವ ಬೇರೆಯೇ ವಸ್ತು. ಆರು ತಿಂಗಳಲ್ಲಿ ಅದರ ಮೇಲೂ ಗೀರು ಬಿತ್ತು. ಸರಿಪಡಿಸಲು ಮತ್ತೆ ಎಲ್ಲವನ್ನೂ ಉಜ್ಜಬೇಕಂತೆ!

ಕಾರಣ ಸರಳ. ಪಾಲಿಯುರೆಥೇನ್ ಒಮ್ಮೆ ಗಟ್ಟಿಯಾದರೆ ಹೊಸ ಪದರದೊಂದಿಗೆ ಬೆರೆಯುವುದಿಲ್ಲ. ತೇಪೆ ತೇಪೆಯಾಗಿಯೇ ಕಾಣುತ್ತದೆ. ಹಳೆಯ ಮೇಜಿನ ಮೇಲಿದ್ದದ್ದು ಅರಗಿನ ಪಾಲಿಶ್. ಮುತ್ತುಗದಂಥ ಮರಗಳ ಮೇಲೆ ಕೀಟಗಳು ಸ್ರವಿಸುವ ಅದೇ ಅರಗು. ಮಹಾಭಾರತದ ಅರಗಿನ ಮನೆಯದ್ದು, ಚನ್ನಪಟ್ಟಣದ ಗೊಂಬೆಗಳದ್ದು. ಎಷ್ಟು ವರ್ಷ ಕಳೆದರೂ ಅದು ಸ್ಪಿರಿಟ್ಟಿಗೆ ಕರಗುತ್ತದೆ. ಆದ್ದರಿಂದ ಹೊಸ ಪದರ ಹಳೆಯದರೊಳಗೆ ಇಳಿದು ಒಂದಾಗುತ್ತದೆ.

ಹಾಗಾಗಿ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಉಜ್ಜುವುದಲ್ಲ, ಪರೀಕ್ಷಿಸುವುದು. ಮೇಜಿನ ಕಾಣದ ಮೂಲೆಯಲ್ಲಿ ಹತ್ತಿಯಿಂದ ಒಂದು ತೊಟ್ಟು ಸ್ಪಿರಿಟ್ ಮುಟ್ಟಿಸಿ. ಅಂಟಂಟಾದರೆ ಅರಗು. ಗೀರು ಪಾಲಿಶ್‌ನಲ್ಲಷ್ಟೇ ಇದ್ದರೆ ಜೇನುಮೇಣ ಸಾಕು. ಮರದವರೆಗೆ ಇಳಿದಿದ್ದರೆ ಮೊದಲು ಬಣ್ಣ ಹೊಂದಿಸಿ, ಆಮೇಲೆ ಸಣ್ಣ ಬ್ರಷ್ಷಿನಿಂದ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳುವಾಗಿ, ಪ್ರತಿ ಪದರ ಒಣಗಿದ ಮೇಲೆ ಮತ್ತೊಂದರಂತೆ, ಗೀರಿನೊಳಗೆ ಮಾತ್ರ ತುಂಬಿಸಿ. ನಾರು ಹರಿಯದೆ ತಗ್ಗಾಗಿದ್ದರೆ, ಪಾಲಿಶ್ ಇಲ್ಲದ ಮರಕ್ಕೆ ಒದ್ದೆ ಬಟ್ಟೆಯ ಮೇಲಿಂದ ಇಸ್ತ್ರಿಪೆಟ್ಟಿಗೆ ಮುಟ್ಟಿಸಿದರೆ ಹಬೆಗೆ ನಾರು ಉಬ್ಬಿ ಮೇಲೇಳುತ್ತದೆ.

ಅರಗು ಮೃದು ಎನ್ನುತ್ತಾರೆ. ನಿಜ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ. ಊಟದ ಮೇಜಿಗೆ ಪಾಲಿಯುರೆಥೇನ್ ಇರಲಿ, ತಕರಾರಿಲ್ಲ. ಆದರೆ ಕೆಡದಿರುವುದೊಂದೇ ವಸ್ತುವಿನ ಗುಣವೆಂದು ನಂಬಿಸುವುದು ಮಾರಾಟಗಾರರ ತರ್ಕ. ಕೆಟ್ಟಾಗ ನಮ್ಮ ಕೈಗೆ ಸಿಗುತ್ತದೆಯೇ ಎಂಬುದೂ ಗುಣವೇ. ಪುಡಿಹಲಗೆಯ ಮೇಲೆ ಮರದ ಚಿತ್ರ ಅಂಟಿಸಿದ ಮೇಜುಗಳಲ್ಲಿ ಅದು ಪೂರ್ತಿ ಸತ್ತಿದೆ: ಚಿತ್ರ ಹರಿದರೆ ಕೆಳಗೆ ಮರವೇ ಇಲ್ಲ.

ಓಲೆಗರಿಯಲ್ಲಿ ಒಂದಕ್ಷರ ಮಾಸಿದರೆ ಒಳ್ಳೆಯ ಸಂಪಾದಕ ಅದೊಂದನ್ನೇ ಊಹಿಸಿ ಕಂಸದಲ್ಲಿಡುತ್ತಾನೆ. ಪದ್ಯವನ್ನೇ ಹೊಸದಾಗಿ ಬರೆಯುವುದಿಲ್ಲ. ಮೇಜಿಗೂ ಅಷ್ಟು ಮರ್ಯಾದೆ ಸಲ್ಲಬೇಕು. ನಮ್ಮ ಮೇಜಿಗೆ ಅದು ಸಿಗಲಿಲ್ಲ. ತಾತನ ಪೆನ್ನು ಒತ್ತಿ ಮೂಡಿಸಿದ್ದ ಅಂಕಿಗಳೂ ಆ ಎರಡು ಗೀರುಗಳ ಜೊತೆಗೇ ಧೂಳಾಗಿ ಹೋದವು.