ಕೊಟ್ಟದ್ದು ತಿಂದ್ರಾತು ಅನಬ್ಯಾಡ್ರಿ

ಮೊನ್ನೆ ನಮ್ಮ ಓಣ್ಯಾಗಿನ ವೈನಿ ಒಬ್ಬರು ಬಂದಿದ್ರು. ಮುಂದಿನ ತಿಂಗಳು ಮಗಳ ಬಾಣಂತನಕ್ಕ ಅಮೆರಿಕಾಕ್ಕ ಹೊಂಟಾರ. "ವಿಮಾನದಾಗ ಊಟಕ್ಕ ಏನು ಹೇಳೀರಿ ವೈನಿ?" ಅಂತ ಕೇಳಿದೆ. "ಅಯ್ಯ, ಅದನ್ನೇನು ಹೇಳೋದವಾ, ಕೊಟ್ಟದ್ದು ತಿಂದ್ರಾತು. ಆಗಲಿಲ್ಲಂದ್ರ ಹಣ್ಣು ತಿಂದು ಕೂಡ್ತೀನಿ" ಅಂದ್ರು.

ಈ ಮಾತು ಕೇಳಿದ್ರ ನನಗ ಈಗ ಸಿಟ್ಟು ಬರ್ತದ. ಹೋದ ವರ್ಷ ನಮ್ಮ ಅತ್ಯಾರೂ ಹಿಂಗ ಅಂದಿದ್ರು.

ಅತ್ಯಾರಿಗೆ ಸಕ್ಕರಿ ಕಾಯಿಲೆ, ಊಟಕ್ಕ ಮೊದಲು ಇನ್ಸುಲಿನ್. ಟಿಕೀಟು ತಗಿಯೋ ಮುಂದ ನಾನ ಶಾಣ್ಯಾಕಿ ಅನಿಸ್ಕೊಂಡು "ಡಯಾಬಿಟಿಕ್ ಮೀಲ್" ಅನ್ನೋದನ್ನ ಒತ್ತಿದೆ. ವಿಮಾನದಾಗ ಊಟದ ಗಾಡಿ ಆ ತುದಿಗೆ ಕಂಡದ್ದ ತಡ, ಅತ್ಯಾರು ರೂಢಿಯಂಗ ಇಂಜೆಕ್ಷನ್ ತಗೊಂಡ್ರು. ತಾಟು ತಗದು ನೋಡಿದ್ರ ಕೋಳಿ! ಅದರ ಬಾಜೂಕಿನ ಬ್ರೆಡ್ಡನ್ನೂ ಮುಟ್ಟಲಿಲ್ಲ. ಬ್ಯಾರೆ ಕೊಡ್ರಿ ಅಂತ ಕೇಳ್ಲಿಕ್ಕೂ ಸಂಕೋಚ. ಸ್ವಲ್ಪ ಹೊತ್ತಿನ್ಯಾಗ ಮೈಯೆಲ್ಲಾ ಬೆವರು, ಕೈ ನಡುಗ್ಲಿಕ್ಕತ್ತಾವ. ಬಾಜೂಕ ಕೂತಿದ್ದ ಹುಡುಗಿ ಗಂಟಿ ಒತ್ತಿ, ಕಿತ್ತಳಿ ರಸ ತರಿಸಿ ಕುಡಿಸಿದ್ಲಂತ. ಆಕಿ ಹೊಟ್ಟಿ ತಣ್ಣಗಿರಲಿ.

ತಪ್ಪು ಊಟ ಕೊಟ್ಟವರದಲ್ಲ, ನಂದು. ಆ ಊಟದಾಗ ಸಕ್ಕರಿ ಕಡಿಮಿ ಇರ್ತದ ಅಷ್ಟ. ಸಸ್ಯಾಹಾರ ಅಂತ ಅದರ ಅರ್ಥ ಅಲ್ಲ. ಬಹಳಷ್ಟು ಕಂಪನಿಯವರು ಒಬ್ಬರಿಗೆ ಒಂದ ನಮೂನಿ ಬರಕೋತಾರ, ಎರಡು ಕೂಡಿಸ್ಲಿಕ್ಕೆ ಬರೂದಿಲ್ಲ. ಇನ್ನ "ಹಿಂದೂ ಮೀಲ್" ಅನ್ನೋ ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. ಅದರಾಗ ದನದ ಮಾಂಸ ಇರೂದಿಲ್ಲ ಅಷ್ಟ, ಕೋಳಿ, ಕುರಿ, ಮೀನ ಬರ್ತಾವ. ನಮ್ಮಂಥವರಿಗೆ ಬೇಕಾದದ್ದು "ಏಷ್ಯನ್ ವೆಜಿಟೇರಿಯನ್", ಟಿಕೀಟಿನ್ಯಾಗ ಎವಿಎಂಎಲ್ ಅಂತ ಬರ್ತದ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಡಿಯದವರು ಜೈನ ಊಟ ಹೇಳ್ರಿ, ವಿಜೆಎಂಎಲ್. ಬರೇ "ವೀಗನ್" ಒತ್ತಿದ್ರ ಮೊಸರಿಗೂ ಎರವು!

ಸಕ್ಕರಿ ಇದ್ದವರೂ ಸಸ್ಯಾಹಾರದ್ದ ಹೇಳಿ, ಅನ್ನ, ಸಿಹಿ ತಾವ ಕಡಿಮಿ ಮಾಡ್ಕೊಳ್ಳೋದು ಛಲೋ ಅಂತ ನನಗ ಅನಸ್ತದ. ಇಂಜೆಕ್ಷನ್ ಎಷ್ಟು, ಯಾವಾಗ ಅನ್ನೋದನ್ನ ಮಾತ್ರ ಹೋಗೋ ಮೊದಲು ಡಾಕ್ಟರನ್ನ ಕೇಳ್ರಿ. ಅತ್ಯಾರಿಗೆ ಈಗ ನಾವು ಹಾಕಿದ ಕಟ್ಟಳಿ ಅಂದ್ರ, ತಾಟು ಮುಂದ ಬಂದು, ಮುಚ್ಚಳ ತಗದು ನೋಡೋತನಕಾ ಸೂಜಿ ಚೀಲದಾಗ. ಆ ಚೀಲನೂ ಕೈಯಾಗ ಇರಬೇಕು, ದೊಡ್ಡ ಲಗೇಜಿನ್ಯಾಗ ಹಾಕಿದ್ರ ಇನ್ಸುಲಿನ್ ಥಂಡಿಗೆ ಕೆಡಬಹುದು.

ಕಡೀಕೆ 24 ತಾಸು ಮೊದಲರೆ ಹೇಳಬೇಕು, ಕೆಲವರು 48 ಕೇಳ್ತಾರ. ವಿಮಾನ ಬದಲಾತಂದ್ರ ಹೇಳಿದ್ದು ಅಳಿಸಿ ಹೋಗಿರ್ತದ, ಮತ್ತ ನೋಡಬೇಕು. ನಡುವ ಬ್ಯಾರೆ ಕಂಪನಿ ವಿಮಾನ ಹತ್ತೋದಿದ್ರ ಅವರಿಗೂ ಹೇಳಬೇಕು. ಇದೆಲ್ಲಾ ಎಪ್ಪತ್ತು ವರ್ಷದ ಹೆಣ್ಣಮಗಳು ಮಾಡೋ ಕೆಲಸ ಏನ್ರೀ? ಟಿಕೀಟು ತಗದ ಮಗ, ಮಗಳು, ಸೊಸಿ ಮಾಡಬೇಕು. ಅವರು ಮರತ್ರ ನಾವು ಬಾಯಿ ಬಿಟ್ಟು ಕೇಳಬೇಕು. ಮನಿ ಮಂದಿಗೆಲ್ಲಾ ಅವರವರ ರುಚಿ ನೋಡಿ ಬಡಿಸಿದ ಕೈಗೆ ತನ್ನ ತಾಟಿಂದು ಹೇಳ್ಲಿಕ್ಕೆ ಯಾಕ ನಾಚಿಕಿ?

ಇಷ್ಟಾದ ಮ್ಯಾಲೂ ಕೈಚೀಲದಾಗ ನಾಕು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇರಲಿ. ಮೊಸರು, ಉಪ್ಪಿನಕಾಯಿ ತಪಾಸಣಿಯೊಳಗ ತಗದು ಒಗೀತಾರ. ವಿಮಾನದಾಗ ಕೊಟ್ಟ ಹಣ್ಣು ಉಳಿಸ್ಕೊಂಡು ಅಮೆರಿಕಾದಾಗ ಇಳಿಬ್ಯಾಡ್ರಿ, ಹೇಳದ ಒಯ್ದ್ರ ದಂಡ ಹಾಕ್ತಾರ.

ವೈನಿ ನಮ್ಮ ಪಡಸಾಲ್ಯಾಗ ಕೂತ ಮಗಳಿಗೆ ಫೋನ್ ಹಚ್ಚಿದ್ರು. ಆ ಕಡಿಯಿಂದ ಆಕಿ, "ಅವ್ವಾ, ಎರಡು ಸಲ ಬಂದು ಹೋದಿ, ಒಮ್ಮೆನೂ ಹೇಳಲಿಲ್ಲಲ್ಲ, ಅಷ್ಟೊತ್ತು ಏನು ತಿಂತಿದ್ದೀ?" ಅಂದ್ಲು. ವೈನಿ ನನ್ನ ಮಾರಿ ನೋಡಿ, "ಬಿಸ್ಕಿಟು" ಅಂದ್ರು.